ರಥದ ಮೇಲಿದ್ದ ಗೋಪುರ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಹಂಪಿಯ ಕಲ್ಲಿನ ರಥವನ್ನು ನೋಡದವರು ಈಗ ದೇಶದಲ್ಲೇ ವಿರಳ. 2017ರಲ್ಲಿ ಹೊಸ ನೋಟು ಬಂದಂದಿನಿಂದ ಅದು ಸಂತೆ, ಬಸ್ಸು, ಹುಂಡಿ ಎಲ್ಲ ಕಡೆ ಓಡಾಡುತ್ತಿದೆ. ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಂತಿರುವ ಈ ರಥ ವಾಸ್ತವವಾಗಿ ಒಂದು ಗರುಡನ ಗುಡಿ. ಇಂದು ಅದರ ನೆತ್ತಿ ಬೋಳು. 1856ರಲ್ಲಿ ತೆಗೆದ ಒಂದು ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಮತ್ತು ಗಾರೆಯ ಗೋಪುರವೊಂದು ಎದ್ದು ನಿಂತಿದೆ. ನಂತರದ ದಶಕಗಳಲ್ಲಿ ಗೋಪುರ ಹೋಯಿತು, ರಥ ಉಳಿಯಿತು. ಆ ಫೋಟೋ ಇಲ್ಲದೇ ಹೋಗಿದ್ದರೆ ನೋಟಿನ ಮೇಲಿರುವ ರೂಪವೇ ಶಿಲ್ಪಿಗಳು ಬಿಟ್ಟುಹೋದ ರೂಪ ಎಂದು ನಾವೆಲ್ಲ ನಂಬಿಕೊಂಡಿರುತ್ತಿದ್ದೆವು.

ರಥದ ಮುಂಭಾಗದಲ್ಲೂ ಇಂಥದೇ ಒಂದು ಸಂಗತಿಯಿದೆ. ರಥವನ್ನು ಎಳೆಯುವಂತೆ ಎರಡು ಆನೆಗಳು ನಿಂತಿವೆ. ಸ್ವಲ್ಪ ಬಗ್ಗಿ ಆನೆಗಳ ಹಿಂದೆ ನೋಡಿದರೆ ಕುದುರೆಗಳ ಹಿಂಗಾಲು ಮತ್ತು ಬಾಲದ ಅವಶೇಷ ಕಾಣುತ್ತದೆ. ಮೊದಲು ರಥಕ್ಕೆ ಕಟ್ಟಿದ್ದದ್ದು ಕುದುರೆಗಳನ್ನು. ಆನೆಗಳು ಬೇರೆಲ್ಲಿಂದಲೋ ತಂದು ಇಟ್ಟವು. ಇಲ್ಲಿ ಕಲ್ಲೇ ಸಾಕ್ಷಿ ಹೇಳುತ್ತದೆ. ಗೋಪುರದ ಬಗ್ಗೆ ಹೇಳಲು ಕಲ್ಲಿಗೆ ಬಾಯಿಲ್ಲ, ಅದಕ್ಕೆ ಕಾಗದವೇ ಬೇಕಾಯಿತು.

ಹಂಪಿಯಂಥ ಸ್ಥಳದ ಇತಿಹಾಸ ಎಂದರೆ ದೇವಾಲಯಗಳ ಇತಿಹಾಸ ಮಾತ್ರ ಅಲ್ಲ. ಬಂಡೆಗುಡ್ಡಗಳ ನಡುವೆ ಹರಿಯುವ ತುಂಗಭದ್ರೆ, ಗುಡ್ಡದ ಬುಡಕ್ಕೆ ಅಂಟಿಕೊಂಡು ಸಾಗುವ ಕಾಲುವೆ, ಕಾಲುವೆಯ ಕೆಳಗಿನ ಬಾಳೆತೋಟ ಮತ್ತು ಗದ್ದೆ, ಕೋಟೆಬಾಗಿಲು, ಹರಿಗೋಲಿನ ಘಾಟು, ಕೆರೆ, ಕೆರೆಯ ಏರಿ, ಸೀಳುಗೂಟದ ರಂಧ್ರಗಳ ಸಾಲು ಇನ್ನೂ ಉಳಿದಿರುವ ಕಲ್ಲುಗಣಿ, ಇವೆಲ್ಲ ಸೇರಿದ ನೆಲ ಅದು. ಇಂಥ ನೆಲ ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅದನ್ನು ಉಳಿಸುವ ಕೆಲಸದಲ್ಲಿ ಅರ್ಧದಷ್ಟು ಪಾಲು ಅದರ ದಾಖಲೆಗಳನ್ನು ಉಳಿಸುವುದೇ ಆಗಿದೆ. ಹಂಪಿಯ ಮಟ್ಟಿಗೆ ಆ ದಾಖಲೆಗಳು ಯಾರು ಮಾಡಿದವು, ಎಲ್ಲಿ ಹೋದವು, ಏನನ್ನು ಹಿಡಿದವು, ಏನನ್ನು ಬಿಟ್ಟವು ಎಂಬುದೇ ಒಂದು ದೊಡ್ಡ ಚರಿತ್ರೆ.

ನಗರ ಇನ್ನೂ ಬದುಕಿದ್ದಾಗಲೇ ಅದನ್ನು ಬರೆದಿಟ್ಟವರಿದ್ದಾರೆ. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್ ಏಳು ಸುತ್ತಿನ ಕೋಟೆಯನ್ನು ವರ್ಣಿಸಿದ. ಹೊರಗಿನ ಸುತ್ತುಗಳ ನಡುವೆ ಹೊಲ, ಮನೆ, ತೋಟಗಳಿದ್ದವೆಂದು ಹೇಳಿದ. ಅಂದರೆ ಕೋಟೆಯೊಳಗೇ ಬೇಸಾಯವಿತ್ತು. ಸುಮಾರು 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬೆಟ್ಟ ಹತ್ತಿ ನೋಡಿದರೂ ನಗರ ಪೂರ್ತಿ ಕಣ್ಣಿಗೆ ಸಿಗಲಿಲ್ಲ ಎಂದು ಬರೆದ. ಮನೆಗಳ ನಡುವಿನ ತೋಪುಗಳು, ನೀರಿನ ಕಾಲುವೆಗಳು, ಕೆರೆಗಳು ಅವನ ಗಮನ ಸೆಳೆದವು. ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದರ ಕೆಲಸದಲ್ಲಿ ಹದಿನೈದಿಪ್ಪತ್ತು ಸಾವಿರ ಜನರನ್ನು ಕಂಡುದಾಗಿ ಅವನು ಹೇಳುತ್ತಾನೆ. ಒಂದೂವರೆ ದಶಕದ ಅನಂತರ ಬರೆದ ಫೆರ್ನಾವೊ ನೂನಿಜ್ ಕೂಡ ಆ ಕೆರೆಯ ವಿಷಯ ಹೇಳಿ, ಅದಕ್ಕೆ ನೆರವಾದ ಪೋರ್ಚುಗೀಸ್ ಕಲ್ಲುಕೆಲಸಗಾರನನ್ನೂ ಹೆಸರಿಸುತ್ತಾನೆ.

ಈ ಇಬ್ಬರ ಬರಹಗಳ ಹಸ್ತಪ್ರತಿ ಶತಮಾನಗಳ ಕಾಲ ಯೂರೋಪಿನಲ್ಲಿ ಮಲಗಿತ್ತು. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಅದನ್ನು ಡೇವಿಡ್ ಲೋಪೆಸ್ ಎಂಬ ವಿದ್ವಾಂಸ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮದರಾಸು ಪ್ರಾಂತದ ಅಧಿಕಾರಿ ರಾಬರ್ಟ್ ಸೀವೆಲ್ ಅದನ್ನು ಇಂಗ್ಲಿಷಿಗೆ ತಂದು, 1900ರಲ್ಲಿ ವಿಜಯನಗರದ ಮೇಲಿನ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಸೇರಿಸಿದ. ಐದೇ ವರ್ಷಗಳಲ್ಲಿ, 1905ರಲ್ಲಿ, ಆಲೂರು ವೆಂಕಟರಾಯರು ಹಂಪಿಗೆ ಬಂದರು. ಆ ಭೇಟಿ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1917ರ ‘ಕರ್ನಾಟಕ ಗತವೈಭವ’ದ ಬೇರು ಇರುವುದು ಅಲ್ಲಿ. ನೆಲದ ನೆನಪು ಒಂದು ನಾಡಿನ ಏಕೀಕರಣಕ್ಕೆ ಬಲ ತುಂಬಿದ ಉದಾಹರಣೆ ಇದು.

ಸ್ಥಳೀಯರ ದಾಖಲೆ ಇರಲೇ ಇಲ್ಲವೆಂದಲ್ಲ. ಶಾಸನಗಳಿದ್ದವು. ಶಾನುಭೋಗರ ಕಡತಗಳಿದ್ದವು: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕಗಳು. ಗದ್ದೆ ಎಷ್ಟು, ಬೆದ್ದಲು ಎಷ್ಟು, ದೇವರ ಮಾನ್ಯ ಎಲ್ಲಿ, ಕೆರೆಯ ನೀರು ಯಾರ ಸರದಿ ಎಂಬುದು ಅಂಥ ಲೆಕ್ಕಗಳಲ್ಲೇ ಇರುತ್ತಿತ್ತು. ಬಟ್ಟೆ ಹರಿದರೆ, ಬಳಪ ಅಳಿಸಿದರೆ, ಗೆದ್ದಲು ಹತ್ತಿದರೆ ಊರಿನ ನೆನಪೇ ಹೋದಂತೆ.

ಹೀಗೆ ಊರೂರಲ್ಲಿ ಚದುರಿದ್ದ ನೆನಪನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ, 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಬಂದವನು. ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಹಂಪಿಗೆ ಹೋಗಿ ಅವಶೇಷಗಳನ್ನು ಅಳೆದು ನಕ್ಷೆ ಮಾಡಿಸಿದ, ಜಲವರ್ಣ ಚಿತ್ರಗಳನ್ನು ಬರೆಸಿದ. ಹಂಪಿಯನ್ನು ಅಳತೆಯ ಮೇಲೆ ಕಾಗದಕ್ಕೆ ಇಳಿಸಿದ ಮೊದಲ ಪ್ರಯತ್ನ ಅದೇ. ಮರುವರ್ಷದಿಂದ ಮೈಸೂರು ಸೀಮೆಯ ಮೋಜಣಿ ಕೈಗೊಂಡ. ಅವನೊಂದಿಗೆ ಕಾವಲಿ ವೆಂಕಟ ಬೊರ್ರಯ್ಯ ಮತ್ತು ಲಕ್ಷ್ಮಯ್ಯ ಸೋದರರಂಥ ದೇಶೀ ವಿದ್ವಾಂಸರ ತಂಡವಿತ್ತು. ಹಳ್ಳಿಗೆ ಹೋಗಿ ಹಿರಿಯರನ್ನು ಕೇಳಿ, ಶಾಸನ ನಕಲು ಮಾಡಿ, ಕೈಫಿಯತ್ತು, ಅಂದರೆ ಊರಿನ ಸ್ಥಳಚರಿತ್ರೆ, ಬರೆಸಿಕೊಂಡು ಬರುತ್ತಿದ್ದವರು ಅವರು. ನೆಲದ ಮಾತು ಮೆಕೆಂಜಿಗೆ ತಲುಪಿದ್ದು ಇವರ ಕಿವಿ ಮತ್ತು ಲೇಖನಿಯ ಮೂಲಕ. ಕಂಪನಿಗೆ ಬೇಕಾಗಿದ್ದದ್ದು ಕಂದಾಯ ಮತ್ತು ದಂಡಿನ ದಾರಿಯ ಮಾಹಿತಿ. ಆ ನೆಪದಲ್ಲಿ ಕೂಡಿಬಿದ್ದದ್ದು ದಕ್ಷಿಣ ಭಾರತದ ಬಹುದೊಡ್ಡ ಸ್ಥಳಚರಿತ್ರೆಯ ಭಂಡಾರ.

ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಸಂಗ್ರಹ ಹಂಚಿಹೋಯಿತು. ನಕ್ಷೆ ಮತ್ತು ಚಿತ್ರಗಳಲ್ಲಿ ಬಹುಪಾಲು ಲಂಡನ್ನಿಗೆ, ದೇಶಭಾಷೆಗಳ ಕೈಫಿಯತ್ತುಗಳಲ್ಲಿ ಬಹಳಷ್ಟು ಮದರಾಸಿನ ಹಸ್ತಪ್ರತಿ ಗ್ರಂಥಾಲಯಕ್ಕೆ. ಅಲ್ಲಿಂದ ಕನ್ನಡದವುಗಳನ್ನು ತೆಗೆದು, ಸಂಪಾದಿಸಿ, ‘ಕರ್ನಾಟಕದ ಕೈಫಿಯತ್ತುಗಳು’ ಎಂದು ಓದುಗರ ಕೈಗೆ ಕೊಟ್ಟವರು ಎಂ. ಎಂ. ಕಲಬುರ್ಗಿ; ಪ್ರಕಟಿಸಿದ್ದು ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಊರಿನಿಂದ ಹೊರಟ ಮಾತು ಊರಿಗೆ ಮರಳಲು ಹತ್ತಿರ ಹತ್ತಿರ ಇನ್ನೂರು ವರ್ಷ ಬೇಕಾಯಿತು.

ರಥದ ಗೋಪುರವನ್ನು ಫೋಟೋದಲ್ಲಿ ಹಿಡಿದವನು ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಹತ್ತಿಸಿದ ಕಾಗದವೇ ಅವನ ನೆಗೆಟಿವ್. ಒಂದೊಂದೂ ಸುಮಾರು 16ಕ್ಕೆ 18 ಅಂಗುಲದಷ್ಟು ದೊಡ್ಡದು. ಕಾಗದವನ್ನು ಮೇಣದಲ್ಲಿ ನೆನೆಸಿ, ರಾಸಾಯನಿಕ ಹಚ್ಚಿ, ಪೆಟ್ಟಿಗೆಯಂಥ ಕ್ಯಾಮೆರಾದೊಳಗೆ ಇಟ್ಟು ನಿಮಿಷಗಟ್ಟಲೆ ಬೆಳಕು ಕಾಣಿಸಬೇಕಿತ್ತು. ಅಷ್ಟು ಹೊತ್ತು ಕದಲದೆ ನಿಲ್ಲಬಲ್ಲವು ಬಂಡೆ ಮತ್ತು ಕಟ್ಟಡ ಮಾತ್ರ. ಹಾಗಾಗಿ ಅವನ ಚಿತ್ರಗಳಲ್ಲಿ ಹಂಪಿ ನಿರ್ಜನವಾಗಿ ತೋರುತ್ತದೆ. ಆ ನಿರ್ಜನತೆ ತಂತ್ರಜ್ಞಾನದ ಮಿತಿ. ನೀರು ಹರಿಯುತ್ತಿತ್ತು, ಗದ್ದೆ ನಾಟಿಯಾಗುತ್ತಿತ್ತು, ವಿರೂಪಾಕ್ಷನ ಪೂಜೆ ನಡೆದೇ ಇತ್ತು. ‘ಹಾಳು ಹಂಪಿ’ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಲು ಇಂಥ ಫೋಟೋಗಳ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಗ್ರೀನ್‌ಲಾನ ಸುಮಾರು 60 ನೆಗೆಟಿವ್‌ಗಳು ಖಾಸಗಿ ಸಂಗ್ರಹದಲ್ಲಿ ಉಳಿದು, 1980ರ ಸುಮಾರಿಗೆ ವಿದ್ವಾಂಸರ ಕಣ್ಣಿಗೆ ಬಿದ್ದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ 127 ವರ್ಷಗಳ ವ್ಯತ್ಯಾಸ ಎದುರಿಗೆ ಬಂದು ನಿಲ್ಲುತ್ತದೆ: ಯಾವುದು ಬಿತ್ತು, ಯಾವುದನ್ನು ತೆಗೆದರು, ಯಾವುದಕ್ಕೆ ಆಸರೆ ಕೊಟ್ಟರು. ದುಬಾರಿ ಉಪಕರಣವಿಲ್ಲದೆ ಮಾಡಬಹುದಾದ ಅತ್ಯಂತ ಪ್ರಾಮಾಣಿಕ ದಾಖಲೀಕರಣ ಇದು.

ಅದೇ ಹೊತ್ತಿಗೆ ಹಂಪಿಯಲ್ಲಿ ದೊಡ್ಡ ಕೆಲಸವೊಂದು ನಡೆದಿತ್ತು. 1970ರ ದಶಕದ ನಡುವಿನಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಮತ್ತು ಕರ್ನಾಟಕದ ಪುರಾತತ್ವ ಇಲಾಖೆ ಉತ್ಖನನ ಶುರುಮಾಡಿದವು. ರಾಜ್ಯ ಇಲಾಖೆಯ ನಿರ್ದೇಶಕರಾಗಿದ್ದ ಎಂ. ಎಸ್. ನಾಗರಾಜರಾವ್ ಅವರು ಮಣ್ಣಿನ ಮೇಲಿರುವುದನ್ನೂ ಪೂರ್ತಿ ಅಳೆಯಬೇಕೆಂಬ ಯೋಜನೆಗೆ ಬೆಂಬಲ ಕೊಟ್ಟರು. ಅಮೆರಿಕದ ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಚರಿತ್ರೆಕಾರ ಜಾರ್ಜ್ ಮಿಷೆಲ್ 1980ರಿಂದ ಎರಡು ದಶಕ ಅದರಲ್ಲಿ ತೊಡಗಿಕೊಂಡರು. ವಾಸ್ತುಶಿಲ್ಪ ಕಾಲೇಜುಗಳ ವಿದ್ಯಾರ್ಥಿಗಳು ಟೇಪು ಹಿಡಿದು ಬಂಡೆಗಳ ಸಂದಿಯಲ್ಲಿ ನಡೆದರು.

ಅವರ ಕ್ರಮ ಸರಳವಾಗಿತ್ತು, ಕಟ್ಟುನಿಟ್ಟಾಗಿತ್ತು. ಇಡೀ ನೆಲವನ್ನು ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೆ ಒಂದು ಅಕ್ಷರ. ಚೌಕದೊಳಗಿನ ಸಣ್ಣ ಚೌಕಕ್ಕೆ ಇನ್ನೊಂದು ಅಕ್ಷರ. ಅದರೊಳಗಿನ ಪ್ರತಿಯೊಂದು ಕಟ್ಟಡಕ್ಕೆ ಒಂದು ಸಂಖ್ಯೆ. ವಿಠ್ಠಲ ದೇವಾಲಯಕ್ಕೂ ಒಂದು ಸಂಖ್ಯೆ, ಹೆಸರಿಲ್ಲದ ನಾಲ್ಕು ಕಂಬದ ಮಂಟಪಕ್ಕೂ ಒಂದು ಸಂಖ್ಯೆ. ಇದರಿಂದ ಬಂದ ಲಾಭ ದೊಡ್ಡದು. ಹಂಪಿಯ ಹೆಸರುಗಳಲ್ಲಿ ಎಷ್ಟೋ ನಂತರದವರ ಊಹೆ. ಈಗ ಕಮಲಮಹಲ್ ಎನ್ನುವ ಕಟ್ಟಡಕ್ಕೆ 18ನೇ ಶತಮಾನದ ಕೊನೆಯ ನಕ್ಷೆಯಲ್ಲಿ ಸಭಾಮಂದಿರ ಎಂಬರ್ಥದ ಹೆಸರಿದೆ. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ನಗರದ ಒಳಭಾಗದ ವಾಸ್ತು ಪಟ್ಟಿ 1990ರಲ್ಲಿ, ನದೀತೀರದ ದೇವಾಲಯ ಪ್ರದೇಶದ ಪಟ್ಟಿ 2001ರಲ್ಲಿ ಹೊರಬಂದವು. ಹಂಪಿಯ ಶಾಸನಗಳನ್ನು ಚನ್ನಬಸಪ್ಪ ಪಾಟೀಲ ಮತ್ತು ವಿನೋದಾ ಪಾಟೀಲ 1995ರಲ್ಲಿ ಒಂದೇ ಸಂಪುಟದಲ್ಲಿ ಕೊಟ್ಟರು. ಸಿ. ಟಿ. ಎಂ. ಕೊಟ್ರಯ್ಯನವರು ವಿಜಯನಗರದ ನೀರಾವರಿಯನ್ನೇ ಗ್ರಂಥವಾಗಿಸಿದರು.

ಸಂಖ್ಯೆ ಕೊಟ್ಟು ಗುರುತಿಡುವ ಜಾಣ್ಮೆ ಇಲ್ಲಿಯ ಶಿಲ್ಪಿಗಳಿಗೆ ಮೊದಲೇ ಗೊತ್ತಿತ್ತು. 1980ರ ದಶಕದಲ್ಲಿ ಅರಮನೆ ಪ್ರದೇಶದ ಮಣ್ಣಿನಡಿಯಿಂದ ಮೆಟ್ಟಿಲು ಪುಷ್ಕರಣಿಯೊಂದು ಹೊರಬಂತು. ಕಪ್ಪು ಕಲ್ಲಿನ ಆ ಮೆಟ್ಟಿಲುಗಳನ್ನು ಹತ್ತಿರದಿಂದ ನೋಡಿದರೆ ಕಲ್ಲು ಕಲ್ಲಿನ ಮೇಲೂ ಕೆತ್ತಿದ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೆಯ ಸಾಲು, ಯಾವ ಸ್ಥಾನ. ಕಲ್ಲನ್ನು ಬೇರೆಡೆ ಸಿದ್ಧಮಾಡಿ ತಂದು ಇಲ್ಲಿ ಜೋಡಿಸುವವರಿಗೆ ಬೇಕಾದ ದಾಖಲೆ ಅದು. ಐನೂರು ವರ್ಷದ ಅನಂತರವೂ ಆ ಗುರುತು ಓದಿ ಜೋಡಣೆಯ ಕ್ರಮ ಅರಿಯಬಹುದು.

ಕೋಟೆಯ ಹೊರಗಿನ ಕತೆಯನ್ನು ಎತ್ತಿಕೊಂಡವರು ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥಲೀನ್ ಮಾರಿಸನ್. 1987ರಿಂದ ಹತ್ತು ವರ್ಷ ಅವರ ತಂಡ ನಗರದ ಸುತ್ತಲ ಹೊಲ, ಗುಡ್ಡ, ಕಣಿವೆಗಳನ್ನು ಸಾಲುಹಿಡಿದು ಕಾಲ್ನಡಿಗೆಯಲ್ಲಿ ಶೋಧಿಸಿತು. 700ಕ್ಕೂ ಹೆಚ್ಚು ನೆಲೆಗಳು ದಾಖಲಾದವು: ಕೆರೆಕಟ್ಟೆ, ಮಣ್ಣು ತಡೆಯುವ ಕಲ್ಲಿನ ಸಾಲು, ಹಳೆಯ ರಸ್ತೆ, ಊರಿನ ಬುನಾದಿ, ಕಬ್ಬಿಣ ಕರಗಿಸಿದ ಕಿಟ್ಟ, ದಾರಿಬದಿಯ ಹನುಮಪ್ಪ. ಪ್ರವಾಸಿಗರ ನಕ್ಷೆಗೆ ಇವು ಬರುವುದಿಲ್ಲ. ರಾಜಧಾನಿಗೆ ಅನ್ನ ಹಾಕಿದ ನೆಲ ಮಾತ್ರ ಇದೇ. ಮಾರಿಸನ್ ಕಮಲಾಪುರದ ಕೆರೆಯ ತಳದ ಕೆಸರನ್ನೂ ಕೊರೆದು ತೆಗೆದರು. ವರ್ಷ ವರ್ಷವೂ ನೀರಿನೊಡನೆ ಬಂದು ಕೂತ ಹೂಳಿನಲ್ಲಿ ಪರಾಗಕಣ, ಇದ್ದಿಲ ಚೂರು ಪದರ ಪದರವಾಗಿ ಸೇರಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಎಣಿಸಿದರೆ ಸುತ್ತಲ ಹುಲ್ಲು, ಕುರುಚಲು, ಬೆಳೆ ಹೇಗೆ ಬದಲಾದವೆಂದು ತಿಳಿಯುತ್ತದೆ. ಕೆರೆಯ ಹೂಳನ್ನು ಗಾಡಿಗಟ್ಟಲೆ ಎತ್ತಿ ಹೊಲಕ್ಕೆ ಹಾಕುವ ನಮ್ಮ ರೂಢಿ ಒಳ್ಳೆಯದೇ. ಎತ್ತುವ ಮುನ್ನ ಒಂದು ಮಾದರಿ ತೆಗೆದಿಟ್ಟುಕೊಂಡರೆ ಆ ಊರಿನ ಶತಮಾನಗಳ ಚರಿತ್ರೆ ಉಳಿಯುತ್ತದೆ.

ಈ ನೆಲದಲ್ಲಿ ಇನ್ನೂ ಜೀವಂತವಾಗಿರುವ ಹಳೆಯ ಭಾಗಗಳಲ್ಲಿ ಕಾಲುವೆಗಳೂ ಸೇರಿವೆ. ನದಿಗೆ ಅಡ್ಡಲಾಗಿ ಬಂಡೆಗಳ ಅಣೆ ಕಟ್ಟಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ಗುಡ್ಡದ ಮಗ್ಗುಲಿಗೆ ಅಂಟಿಕೊಂಡಂತೆ ಮೈಲುಗಟ್ಟಲೆ ಹರಿಸಿದ ಕಾಲುವೆಗಳಿವು. ತುರ್ತು ಕಾಲುವೆ ಇಂದಿಗೂ ದೇವಾಲಯಗಳ ಪ್ರದೇಶಕ್ಕೂ ಅರಮನೆಯ ಪ್ರದೇಶಕ್ಕೂ ನಡುವಿನ ಕಣಿವೆಯಲ್ಲಿ ಹರಿದು ಬಾಳೆ, ಭತ್ತ, ಕಬ್ಬಿಗೆ ನೀರು ಕೊಡುತ್ತಿದೆ. 1521ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಆದ ಕೊರ್ರಗಲ್ ಅಣೆ ಮತ್ತು ಬಸವಣ್ಣ ಕಾಲುವೆ ಬಳಕೆಯಲ್ಲಿವೆಯೆಂದು ಸೀವೆಲ್ 1900ರಲ್ಲಿ ಬರೆದಿದ್ದಾನೆ. 1945ರಲ್ಲಿ ಶಂಕುಸ್ಥಾಪನೆಯಾಗಿ 1953ಕ್ಕೆ ನೀರು ನಿಂತ ತುಂಗಭದ್ರಾ ಜಲಾಶಯ ಮೇಲ್ಭಾಗದ ಹಳ್ಳಿಗಳೊಂದಿಗೆ ಹಳೆಯ ಅಣೆಗಳನ್ನೂ ಮುಳುಗಿಸಿತು. ಬಸವಣ್ಣ, ರಾಯ ಕಾಲುವೆಗಳಿಗೆ ಈಗ ಜಲಾಶಯದಿಂದಲೇ ನೀರು. ಇತ್ತೀಚಿನ ವರ್ಷಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ ವಿಜಯನಗರ ಕಾಲುವೆಗಳ ಆಧುನೀಕರಣ ನಡೆದಿದೆ. ಕಡೆಯ ಹೊಲಕ್ಕೂ ನೀರು ಮುಟ್ಟಬೇಕೆಂಬ ರೈತನ ಬೇಡಿಕೆ ನ್ಯಾಯವಾದದ್ದು, ಅದನ್ನು ಯಾರೂ ತಳ್ಳಿಹಾಕಬಾರದು. ಆದರೆ ಹಳೆಯ ಕಲ್ಲುಕಟ್ಟಡದ ಮೇಲೆ ಕಾಂಕ್ರೀಟು ಬೀಳುವ ಮೊದಲು ಪ್ರತಿ ತೂಬು, ಪ್ರತಿ ಸೇತುವೆ, ಪ್ರತಿ ತಿರುವಿನ ಅಳತೆ ಮತ್ತು ಚಿತ್ರ ದಾಖಲಾಗಲೇಬೇಕು. ಇದಕ್ಕೆ ಕಾಮಗಾರಿ ನಿಲ್ಲಿಸಬೇಕಾಗಿಲ್ಲ.

ಪಟ್ಟಿಯಲ್ಲಿ ಏನು ಬರೆಯುತ್ತೇವೆ ಎಂಬುದು ಏನನ್ನು ಕಾಯುತ್ತೇವೆ ಎಂಬುದನ್ನೂ ತೀರ್ಮಾನಿಸುತ್ತದೆ. 1986ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಹಂಪಿ ಸೇರಿದ್ದು ‘ಸ್ಮಾರಕಗಳ ಸಮೂಹ’ವಾಗಿ. ಸ್ಮಾರಕಗಳ ನಡುವಿನ ನೆಲ ಯಾರದ್ದೂ ಅಲ್ಲ ಎಂಬಂತಾಯಿತು. ತಳವಾರಘಟ್ಟದ ಬಳಿ ಆನೆಗೊಂದಿಗೆ ವಾಹನ ಸೇತುವೆ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆ ಏಳತೊಡಗಿದವು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ರಾಜ್ಯ ಸರ್ಕಾರ 2002ರಲ್ಲಿ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ ತಂದಿತು; ಸುಮಾರು 236 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬಂತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿದ್ದಾಗಲೇ ಕುಸಿದು ಕಾರ್ಮಿಕರ ಪ್ರಾಣ ತೆಗೆಯಿತು.

2011ರ ಜುಲೈನಲ್ಲಿ ವಿರೂಪಾಕ್ಷ ಬೀದಿಯ ಮಂಟಪಗಳಲ್ಲಿ, ಪಕ್ಕದಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು ತೆರವುಗೊಳಿಸಲಾಯಿತು. ಬೀದಿ ಈಗ ಖಾಲಿ. ಆ ಮಂಟಪಗಳ ಕಂಬಗಳಿಗೆ ಪಟ್ಟಿಯಲ್ಲಿ ಜಾಗವಿದೆ. ಅದೇ ಕಂಬಗಳ ನಡುವೆ ದಶಕಗಟ್ಟಲೆ ಬದುಕಿದ ಕುಟುಂಬಗಳ ನೆನಪಿಗೆ, ರಥಬೀದಿಯ ಜಾತ್ರೆ ಅವರಿಗೆ ಹೇಗಿತ್ತೆಂಬ ಮಾತಿಗೆ ಅಂಥ ಜಾಗ ಸಿಕ್ಕಿಲ್ಲ. ಒಂದು ಸ್ಥಳದ ದಾಖಲೆಯಲ್ಲಿ 16ನೇ ಶತಮಾನ ಇರಬೇಕು, 20ನೆಯದೂ ಇರಬೇಕು.

ದಾಖಲೆಯ ಬೆಲೆ ತಿಳಿಯುವುದು ಅವಘಡವಾದಾಗ. 2019ರಲ್ಲಿ ಕೆಲವು ಯುವಕರು ಹಂಪಿಯಲ್ಲಿ ಕಂಬ ಬೀಳಿಸಿದ ವಿಡಿಯೊ ಹರಡಿತು. ನ್ಯಾಯಾಲಯ ದಂಡ ಹಾಕಿ, ಅವರಿಂದಲೇ ಕಂಬ ನಿಲ್ಲಿಸಿತು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಬಿದ್ದದ್ದನ್ನು ಇದ್ದಲ್ಲೇ, ಇದ್ದಂತೆಯೇ ನಿಲ್ಲಿಸಲು ಅಳತೆಯ ಚಿತ್ರ ಬೇಕು. ಇಲ್ಲದಿದ್ದರೆ ಜೋಡಣೆಯೆಲ್ಲ ಅಂದಾಜೇ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹಂಪಿಯನ್ನೇ ಆರಿಸಿಕೊಂಡು ಡಿಜಿಟಲ್ ದಾಖಲೀಕರಣದ ಯೋಜನೆ ನಡೆಸಿದ್ದು ಸ್ವಾಗತಾರ್ಹ. ಡಿಜಿಟಲ್ ಕಡತಕ್ಕೂ ನಿಗಾ ಬೇಕು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಗ್ರೀನ್‌ಲಾನ ಮೇಣದ ಕಾಗದ ಪೆಟ್ಟಿಗೆಯಲ್ಲಿದ್ದೇ 120 ವರ್ಷ ದಾಟಿತು. ಹಾರ್ಡ್ ಡಿಸ್ಕನ್ನು ಹತ್ತು ವರ್ಷ ಮುಟ್ಟದೆ ಬಿಟ್ಟರೆ ತೆರೆಯುವುದೇ ಅನುಮಾನ.

ಹಂಪಿಯ ದಾಖಲೆಗಳ ಮುಖ್ಯ ಭಾಗ ಇಂದು ಲಂಡನ್, ಪ್ಯಾರಿಸ್, ಚೆನ್ನೈಗಳಲ್ಲಿದೆ. ಅಚ್ಚಾದದ್ದರಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿದೆ. ವಾಸ್ತು ಪಟ್ಟಿಗಳ ಸಂಪುಟಗಳು, ಸುತ್ತಲ ಹಳ್ಳಿಗಳ ಶೋಧನೆಯ ವರದಿಗಳು ಕಮಲಾಪುರದ, ಆನೆಗೊಂದಿಯ, ಬುಕ್ಕಸಾಗರದ ಶಾಲೆಗಳಲ್ಲಿ ಕನ್ನಡದಲ್ಲಿ ಸಿಗುವಂತಾಗಬೇಕು. ಕನ್ನಡ ವಿಶ್ವವಿದ್ಯಾಲಯ, ಪ್ರಾಧಿಕಾರ, ರಾಜ್ಯ ಪುರಾತತ್ವ ಇಲಾಖೆ ಮೂರೂ ಒಂದೆಡೆ ಕೂತರೆ ಇದು ಆಗದ ಕೆಲಸವಲ್ಲ. ಓದುಗರ ಪಾಲಿನ ಕೆಲಸವೂ ಇದೆ. ನಿಮ್ಮ ಊರಿನ ಹಳೆಯ ಗ್ರಾಮನಕ್ಷೆ, ಅಜ್ಜನ ಪೆಟ್ಟಿಗೆಯಲ್ಲಿರುವ ಕಡತ, ಕೆರೆ ಏರಿಯ ಮೇಲೆ ನಿಂತು ತೆಗೆಸಿಕೊಂಡ ಮದುವೆ ಫೋಟೋ, ನೀರುಗಂಟಿ ಬಾಯಿಪಾಠವಾಗಿ ಹೇಳುವ ಗದ್ದೆಗಳ ಹೆಸರು, ಇವು ಹರಿದುಹೋಗುವ ಮುನ್ನ ಪ್ರತಿ ಮಾಡಿಸಿ, ದಿನಾಂಕ ಮತ್ತು ಜಾಗ ಬರೆದು, ಹತ್ತಿರದ ಗ್ರಂಥಾಲಯಕ್ಕೋ ವಿಶ್ವವಿದ್ಯಾಲಯಕ್ಕೋ ಒಪ್ಪಿಸಿ. ಈ ಬೇಸಿಗೆಯಲ್ಲೇ ಶುರುಮಾಡಿ.